ಮೊದಲು ಮುಚ್ಚಿದ್ದು ಕ್ಲಬ್ಬಿನ ಬಾಗಿಲು

— ಕ್ಲಬ್ಬಿನ ನೆನಪಿನ ಸಂಚಿಕೆಗೆ ಲೇಖನ ಕೊಡು ಅಂತ ನಾನೇ ಕೇಳಿದ್ದು. ಸುಂಟಿಕೊಪ್ಪದ ಮೈದಾನದ ಬಗ್ಗೆ ಬರೀತೀಯ ಅಂದುಕೊಂಡಿದ್ದೆ. ನೀನು ಜರ್ಮನಿಯ ಒಬ್ಬ ಯೆಹೂದಿ ಫುಟ್‌ಬಾಲ್ ಆಟಗಾರನನ್ನು ಹಿಡಿದುಕೊಂಡು ಬಂದಿದ್ದೀಯಲ್ಲಮ್ಮಾ!

— ಹಾಕಿಯೇ ಉಸಿರು ಅನ್ನುವ ಜಿಲ್ಲೆಯಲ್ಲಿ ಫುಟ್‌ಬಾಲನ್ನು ಬಿಡದೆ ಉಳಿಸಿಕೊಂಡ ಊರು ನಮ್ಮದು ಸರ್. ಗೋಲ್ಡ್ ಕಪ್ ಟೂರ್ನಿ ಬಂತೆಂದರೆ ಅಂಗಡಿಯವರೂ ತೋಟದ ಕೆಲಸದವರೂ ಮೈದಾನದ ಸುತ್ತ ನಿಲ್ಲುತ್ತಾರೆ. ಒಂದೇ ಪಂದ್ಯದಲ್ಲಿ ದೇಶಕ್ಕಾಗಿ ಹತ್ತು ಗೋಲು ಹೊಡೆದವನ ಹೆಸರು ಇಲ್ಲಿಯ ಹುಡುಗರಿಗೆ ಗೊತ್ತಿರಬೇಕು ಅಂತ ನನಗೆ ಆಸೆ.

— ಹತ್ತು ಗೋಲೇ? ಯಾವ ಪಂದ್ಯ ಅದು?

— ಒಲಿಂಪಿಕ್ಸ್. 1912ರ ಜುಲೈ 1, ಸ್ಟಾಕ್‌ಹೋಮ್. ಜರ್ಮನಿ ಮೊದಲ ಪಂದ್ಯದಲ್ಲೇ ಆಸ್ಟ್ರಿಯಾಕ್ಕೆ 1–5ರಿಂದ ಸೋತಿತ್ತು. ಮೊದಲ ಸುತ್ತುಗಳಲ್ಲಿ ಸೋತವರಿಗೆಂದೇ ಇನ್ನೊಂದು ಟೂರ್ನಿ ಇಟ್ಟಿದ್ದರು. ಅದರಲ್ಲಿ ರಷ್ಯಾ ಎದುರಾಯಿತು. ಜರ್ಮನಿ 16, ರಷ್ಯಾ ಸೊನ್ನೆ. ಹದಿನಾರರಲ್ಲಿ ಹತ್ತು ಗಾಟ್‌ಫ್ರೀಡ್ ಫುಕ್ಸ್‌ನದು, ನಾಲ್ಕು ಫ್ರಿಟ್ಸ್ ಫೋರ್ಡರರ್‌ನದು. ಇಬ್ಬರೂ ಒಂದೇ ಕ್ಲಬ್ಬಿನವರು, ಕಾರ್ಲ್ಸ್‌ರೂಹೆ ಫುಟ್‌ಬಾಲ್ ಕ್ಲಬ್.

— ಇದು ಹುಡುಗಾಟದ ಮಾತಲ್ಲ ನೋಡು. ಆಗಿನ ಆಫ್‌ಸೈಡ್ ನಿಯಮವೇ ಬೇರೆ. ಚೆಂಡನ್ನು ಪಾಸ್ ಮಾಡುವ ಹೊತ್ತಿಗೆ ಮುನ್ನಡೆಯ ಆಟಗಾರನಿಗೂ ಗೋಲು ಗೆರೆಗೂ ನಡುವೆ ಎದುರಾಳಿಗಳು ಮೂವರಾದರೂ ಇರಬೇಕಿತ್ತು. ಅದನ್ನು ಇಬ್ಬರಿಗೆ ಇಳಿಸಿದ್ದು 1925ರಲ್ಲಿ. ಆ ನಿಯಮದೊಳಗೆ ಹತ್ತು ಹೊಡೆಯಬೇಕಾದರೆ ಯಾವಾಗ ಓಡಬೇಕು, ಯಾವಾಗ ತಡೆದು ನಿಲ್ಲಬೇಕು ಅನ್ನುವುದು ಅವನಿಗೆ ಮೈಗೂಡಿರಬೇಕು. ಎದುರಿನ ತಂಡ ದುರ್ಬಲವಾಗಿತ್ತು ಅಂತ ಹೇಳಿ ತಳ್ಳಿಹಾಕುವ ಹಾಗಿಲ್ಲ.

— ಈ ಮಾತನ್ನು ನಿಮ್ಮ ಹೆಸರಿನಲ್ಲೇ ಸೇರಿಸುತ್ತೇನೆ ಸರ್. ಅವರಿಗಿಂತ ಮುಂಚೆ 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಡೆನ್ಮಾರ್ಕಿನ ಸೋಫಸ್ ನೀಲ್ಸನ್ ಫ್ರಾನ್ಸ್ ಎದುರು ಹತ್ತು ಹೊಡೆದಿದ್ದ. ಫುಕ್ಸ್ ಅದನ್ನು ಸರಿಗಟ್ಟಿದರು. 2001ರಲ್ಲಿ ಆಸ್ಟ್ರೇಲಿಯಾದ ಆರ್ಚಿ ಥಾಂಪ್ಸನ್ ಅಮೆರಿಕನ್ ಸಮೋವಾ ಮೇಲೆ ಹದಿಮೂರು ಹೊಡೆಯುವ ತನಕ ಆ ದಾಖಲೆಯನ್ನು ಯಾರೂ ಮುರಿಯಲಿಲ್ಲ. ಜರ್ಮನಿಯೊಳಗಂತೂ ಇವತ್ತಿಗೂ ಅದೇ ದಾಖಲೆ. ದೇಶಕ್ಕಾಗಿ ಆಡಿದ್ದು ಬರೀ ಆರು ಪಂದ್ಯ.

— ಆಗ ಎಷ್ಟು ಪ್ರಾಯ?

— ಇಪ್ಪತ್ತಮೂರು. 1889ರ ಮೇ 3ರಂದು ಕಾರ್ಲ್ಸ್‌ರೂಹೆಯಲ್ಲಿ ಹುಟ್ಟಿದ್ದು. ಮನೆತನದ್ದು ಮರದ ವ್ಯಾಪಾರ. ಕ್ಲಬ್ಬಿನ ಮುಂಚೂಣಿಯಲ್ಲಿ ಫೋರ್ಡರರ್, ಫುಕ್ಸ್, ಅವರ ಪಕ್ಕ ಯೂಲಿಯುಸ್ ಹಿರ್ಶ್ ಅನ್ನುವ ಇನ್ನೊಬ್ಬ ಯೆಹೂದಿ ಹುಡುಗ, ಹೀಗೆ ಮೂವರ ಜೋಡಣೆ. ತರಬೇತಿಗೆ ಇಂಗ್ಲೆಂಡಿನ ವಿಲಿಯಂ ಟೌನ್‌ಲಿ. ಎಫ್.ಎ. ಕಪ್ ಫೈನಲ್ಲಿನಲ್ಲಿ ಮೊಟ್ಟಮೊದಲ ಹ್ಯಾಟ್ರಿಕ್ ಹೊಡೆದವರು ಅವರು, 1890ರಲ್ಲಿ. ಚೆಂಡನ್ನು ಎತ್ತಿ ಬಾರಿಸಿ ಹಿಂದೆ ಓಡುವುದನ್ನು ಬಿಟ್ಟು, ನೆಲಕ್ಕೆ ಹತ್ತಿಸಿ ಚಿಕ್ಕ ಪಾಸ್ ಕೊಡುವುದನ್ನು ಈ ಹುಡುಗರಿಗೆ ಕಲಿಸಿದರು. 1910ರಲ್ಲಿ ಕ್ಲಬ್ ಜರ್ಮನಿಯ ಚಾಂಪಿಯನ್ ಆಯಿತು. ಫೈನಲ್ಲಿನಲ್ಲಿ ಹೋಲ್‌ಸ್ಟೈನ್ ಕೀಲ್ ತಂಡವನ್ನು 1–0ರಿಂದ ಸೋಲಿಸಿದ್ದು.

— ಜರ್ಮನಿಯಲ್ಲಿ ಯೆಹೂದಿಗಳು ಇಷ್ಟು ಮೊದಲೇ ಫುಟ್‌ಬಾಲಿಗೆ ಬಂದಿದ್ದರಾ? ಯೆಹೂದಿ ಅಂದರೆ ಅಂಗಡಿ, ಬ್ಯಾಂಕು, ಪುಸ್ತಕ ಅಂತ ಮಾತ್ರ ನಾವು ಕೇಳಿದ್ದು.

— ಆಟವನ್ನು ಅಲ್ಲಿಗೆ ತಂದವರಲ್ಲೇ ಅವರಿದ್ದರು ಸರ್. ಜರ್ಮನಿಯ ಶಾಲೆಗಳಲ್ಲಿ ಆಗ ಮರ್ಯಾದೆ ಇದ್ದದ್ದು ಸಾಲಾಗಿ ನಿಂತು ಮಾಡುವ ಕಸರತ್ತಿಗೆ. ಫುಟ್‌ಬಾಲನ್ನು ಇಂಗ್ಲಿಷರ ರೋಗ ಅಂತ ಬೈಯುತ್ತಿದ್ದರು. ಹೊಸ ಆಟವಾದ್ದರಿಂದ ಅದಕ್ಕೆ ಹಳೆಯ ಯಜಮಾನರಿರಲಿಲ್ಲ, ಯೆಹೂದಿ ಹುಡುಗರಿಗೂ ಜಾಗ ಸಿಕ್ಕಿತು. ಕಾರ್ಲ್ಸ್‌ರೂಹೆಯಲ್ಲಿ ಆ ಆಟಕ್ಕೆ ಬೇರು ಹಾಕಿದವರೇ ವಾಲ್ಟರ್ ಬೆನ್ಸೆಮನ್, ಯೆಹೂದಿ. 1891ರಲ್ಲಿ ಇದೇ ಕ್ಲಬ್ಬನ್ನು ಕಟ್ಟಿದವರಲ್ಲಿ ಒಬ್ಬರು. 1920ರಲ್ಲಿ ‘ಕಿಕರ್’ ಪತ್ರಿಕೆ ಶುರುಮಾಡಿದ್ದೂ ಅವರೇ. ಇವತ್ತೂ ಜರ್ಮನಿಯ ಫುಟ್‌ಬಾಲ್ ಪ್ರಿಯರು ಓದುವ ಪತ್ರಿಕೆ ಅದು. ಅವರು 1933ರಲ್ಲಿ ಸ್ವಿಟ್ಜರ್‌ಲೆಂಡಿಗೆ ಹೋಗಬೇಕಾಯಿತು, ಮರುವರ್ಷ ಮಾಂಟ್ರೋ ಊರಿನಲ್ಲಿ ತೀರಿಕೊಂಡರು.

— ಫುಕ್ಸ್‌ನದೂ ಹಾಗೆಯೇ ಆಯಿತಾ? ಸರ್ಕಾರ ಬಂತು, ಓಡಿಸಿತು?

— ನಾನು ಬರೆಯಹೊರಟಿರುವುದು ಅಲ್ಲೇ ಇದೆ ಸರ್. ಸರ್ಕಾರಕ್ಕಿಂತ ಮೊದಲು ಕ್ಲಬ್ ಓಡಿಸಿತು. ಅದಕ್ಕೆ ಮೊದಲು ಯುದ್ಧದ ವಿಷಯ ಒಂದು ಮಾತು. ಮೊದಲನೇ ಮಹಾಯುದ್ಧದಲ್ಲಿ ಫುಕ್ಸ್ ಫಿರಂಗಿ ದಳದ ಅಧಿಕಾರಿ. ಗಾಯಗೊಂಡರು, ಐರನ್ ಕ್ರಾಸ್ ಪದಕ ಬಂತು. ಹಿರ್ಶ್‌ಗೂ ಐರನ್ ಕ್ರಾಸ್ ಸಿಕ್ಕಿತ್ತು. ಹಿರ್ಶ್‌ನ ಅಣ್ಣ ಲಿಯೋಪೋಲ್ಡ್ ಅದೇ ಯುದ್ಧದಲ್ಲಿ ಸತ್ತ.

— ಸೇನೆಗೆ ಮಕ್ಕಳನ್ನು ಕೊಟ್ಟ ಜಿಲ್ಲೆ ಇದು. ಪದಕ ಹಾಕಿದವನನ್ನು ಈ ನಾಡಿನವನಲ್ಲ ಅನ್ನುವುದು ನಮ್ಮ ಜನಕ್ಕೆ ಅರ್ಥವೇ ಆಗಲಿಕ್ಕಿಲ್ಲ. ಮುಂದೆ ಹೇಳು.

— 1933ರ ಜನವರಿ 30ಕ್ಕೆ ಹಿಟ್ಲರ್ ಅಧಿಕಾರಕ್ಕೆ ಬಂದ. ಏಪ್ರಿಲ್ 1ರಂದು ಯೆಹೂದಿ ಅಂಗಡಿಗಳಿಗೆ ಬಹಿಷ್ಕಾರ. 7ರಂದು ಯೆಹೂದಿಗಳನ್ನು ಸರ್ಕಾರಿ ಕೆಲಸದಿಂದ ತೆಗೆಯುವ ಕಾನೂನು. ಈ ಕಾನೂನನ್ನು ಗಮನಿಸಿ ಸರ್: ಅದು ಸರ್ಕಾರಿ ನೌಕರರಿಗೆ ಮಾತ್ರ. ಯುದ್ಧರಂಗದಲ್ಲಿ ಹೋರಾಡಿದವರಿಗೆ ಅದರಲ್ಲಿ ವಿನಾಯಿತಿ ಕೂಡ ಇತ್ತು. ಫುಟ್‌ಬಾಲ್ ಕ್ಲಬ್ಬುಗಳ ಬಗ್ಗೆ ಒಂದಕ್ಷರ ಇರಲಿಲ್ಲ. ಎರಡು ದಿನ ಕಳೆದು, ಏಪ್ರಿಲ್ 9ಕ್ಕೆ, ದಕ್ಷಿಣ ಜರ್ಮನಿಯ ಹದಿನಾಲ್ಕು ದೊಡ್ಡ ಕ್ಲಬ್ಬುಗಳು ಸ್ಟುಟ್‌ಗಾರ್ಟಿನಲ್ಲಿ ಸೇರಿ ಹೊಸ ಸರ್ಕಾರಕ್ಕೆ ಬೆಂಬಲದ ಹೇಳಿಕೆ ಕೊಟ್ಟವು. ಯೆಹೂದಿಗಳನ್ನು ಕ್ರೀಡಾ ಸಂಘಗಳಿಂದ ತೆಗೆಯುವುದಕ್ಕೂ ನಾವು ತಯಾರು ಅಂತ ಅದರಲ್ಲಿತ್ತು. ಬಯರ್ನ್ ಮ್ಯೂನಿಕ್, ನ್ಯೂರೆಂಬರ್ಗ್ ಕ್ಲಬ್ಬುಗಳ ಜೊತೆ ಕಾರ್ಲ್ಸ್‌ರೂಹೆ ಕ್ಲಬ್ಬಿನ ಹೆಸರೂ ಇತ್ತು.

— ಯಾರೂ ಕೇಳಿರಲಿಲ್ಲವಾ?

— ಯಾವ ಕಾನೂನೂ ಕೇಳಿರಲಿಲ್ಲ. ಕೇಳುವ ಮೊದಲೇ ಕೊಟ್ಟರು. ಯುದ್ಧಕ್ಕೆ ಹೋಗಿಬಂದವರಿಗೆ ಹಿಟ್ಲರನ ಕಾನೂನಿನಲ್ಲಿದ್ದ ವಿನಾಯಿತಿ ಕೂಡ ಆ ಹೇಳಿಕೆಯಲ್ಲಿ ಇರಲಿಲ್ಲ. ಮಾರನೆಯ ದಿನ ಹಿರ್ಶ್ ಈ ಸುದ್ದಿಯನ್ನು ಕ್ರೀಡಾ ಪತ್ರಿಕೆಯಲ್ಲಿ ಓದಿದರು. ಕ್ಲಬ್ಬಿನಿಂದ ಒಬ್ಬರೂ ಮನೆಗೆ ಬಂದು ಹೇಳಿರಲಿಲ್ಲ. ಅದೇ ದಿನ ಕೂತು ಕ್ಲಬ್ಬಿಗೆ ಪತ್ರ ಬರೆದರು. 1902ರಿಂದ ತಾನು ಸದಸ್ಯ, ಭಾರವಾದ ಮನಸ್ಸಿನಿಂದ ಬಿಡುತ್ತಿದ್ದೇನೆ, ಆದರೆ ಈ ದೇಶಕ್ಕಾಗಿ ರಕ್ತ ಸುರಿಸಿದ ಯೆಹೂದಿಗಳೂ ಇದ್ದಾರೆ ಅನ್ನುವುದನ್ನು ಮರೆಯಬೇಡಿ ಅನ್ನುವ ಅರ್ಥದ ಪತ್ರ.

— ಹತ್ತು ವರ್ಷದ ಪ್ರಾಯದಿಂದ ಆಡಿದ ಮೈದಾನ. ಬಿಟ್ಟುಹೋಗುತ್ತೇನೆ ಅಂತ ಅವನೇ ಬರೆಯಬೇಕಾಯಿತಲ್ಲ. ಅಲ್ಲಮ್ಮಾ, ನಾನು ಮೂವತ್ತು ವರ್ಷಕ್ಕಿಂತ ಜಾಸ್ತಿ ಹುಡುಗರಿಗೆ ಆಟ ಕಲಿಸಿದವನು. ಪಂದ್ಯದ ಹಿಂದಿನ ರಾತ್ರಿ ಪಟ್ಟಿಯಿಂದ ಒಬ್ಬ ಹುಡುಗನ ಹೆಸರು ತೆಗೆಯಬೇಕಾದರೆ ಕರೆದು ಕೂರಿಸಿ ಕಾರಣ ಹೇಳಬೇಕು. ಇಲ್ಲದಿದ್ದರೆ ಅವನು ಮನುಷ್ಯರ ಮೇಲಿನ ನಂಬಿಕೆಯನ್ನೇ ಕಳೆದುಕೊಳ್ಳುತ್ತಾನೆ. ಇಲ್ಲಿ ಬಾಳೆಲ್ಲ ಜೊತೆಗಿದ್ದವರನ್ನೇ ಪೇಪರ್ ಮೂಲಕ ಹೊರಗೆ ಹಾಕಿದ್ದಾರೆ.

— ಆಮೇಲೆ ಅವರ ಹೆಸರನ್ನೂ ಹೊರಗೆ ಹಾಕಿದರು. ನಾಝಿ ಕಾಲದಲ್ಲಿ ಅಚ್ಚಾದ ರಾಷ್ಟ್ರೀಯ ಆಟಗಾರರ ಪಟ್ಟಿಗಳಿಂದ ಫುಕ್ಸ್ ಮತ್ತು ಹಿರ್ಶ್ ಮಾಯವಾದರು. ಜರ್ಮನಿಯ ರಾಷ್ಟ್ರೀಯ ತಂಡಕ್ಕೆ ಅಲ್ಲಿಯ ತನಕ ಆಡಿದ ಯೆಹೂದಿಗಳು ಆ ಇಬ್ಬರೇ. ಹದಿನಾರು ಗೋಲಿನ ಪಂದ್ಯ ದಾಖಲೆಯಲ್ಲಿದೆ, ಹತ್ತು ಹೊಡೆದವನು ಮಾತ್ರ ಇಲ್ಲ.

— 1936ರಲ್ಲಿ ಇವರು ಎಲ್ಲಿದ್ದರು? ಬರ್ಲಿನ್ ಒಲಿಂಪಿಕ್ಸ್ ಅಂದರೆ ನಮ್ಮ ಹಿರಿಯರಿಗೆ ಧ್ಯಾನ್‌ಚಂದ್. ಆಗಸ್ಟ್ 15ರ ಫೈನಲ್, ಜರ್ಮನಿಯ ಮೇಲೆ 8–1. ಆ ಕತೆ ಕೇಳುತ್ತಲೇ ನಾವೆಲ್ಲ ಕೈಗೆ ಕೋಲು ಹಿಡಿದದ್ದು.

— ಫುಕ್ಸ್ ಅದೇ ಬರ್ಲಿನ್ನಿನಲ್ಲಿದ್ದರು ಸರ್. 1928ರಲ್ಲಿ ಸಂಸಾರದ ಜೊತೆ ಅಲ್ಲಿಗೆ ಹೋಗಿ ನೆಲೆಸಿದ್ದರು. ಅದೇ ಆಗಸ್ಟಿನಲ್ಲಿ ಜರ್ಮನಿಯ ಫುಟ್‌ಬಾಲ್ ತಂಡ ಹಿಟ್ಲರನ ಕಣ್ಣೆದುರೇ ನಾರ್ವೆಗೆ 0–2ರಿಂದ ಸೋತು ಹೊರಬಿತ್ತು. ಜರ್ಮನಿಗಾಗಿ ಒಂದೇ ಪಂದ್ಯದಲ್ಲಿ ಅತಿ ಹೆಚ್ಚು ಗೋಲು ಹೊಡೆದವರು ಅದೇ ಊರಿನಲ್ಲಿ, ಯಾರಿಗೂ ಬೇಡವಾಗಿ ಬದುಕಿದ್ದರು. ಇನ್ನೊಬ್ಬಳನ್ನೂ ನೆನೆಯಬೇಕು, ಗ್ರೆಟೆಲ್ ಬರ್ಗ್‌ಮನ್, ಎತ್ತರ ಜಿಗಿತದವಳು. ಒಲಿಂಪಿಕ್ಸಿಗೆ ಒಂದು ತಿಂಗಳಷ್ಟೇ ಇರುವಾಗ 1.60 ಮೀಟರ್ ಜಿಗಿದು ಜರ್ಮನಿಯ ದಾಖಲೆ ಸರಿಗಟ್ಟಿದಳು. ಅಮೆರಿಕದ ತಂಡ ಹಡಗು ಹತ್ತಿದ್ದು ಖಚಿತವಾದ ಮೇಲೆ, ನೀನು ತಂಡದಲ್ಲಿಲ್ಲ ಅಂತ ಅವಳಿಗೆ ಕಾಗದ ಬಂತು.

— ಇನ್ನು ಅಮೆರಿಕದವರು ಬಹಿಷ್ಕಾರ ಹಾಕುವುದಿಲ್ಲ ಅಂತ ಗೊತ್ತಾದ ಮೇಲೆ.

— ಹೌದು. ಮರುವರ್ಷ ಅವಳು ಅಮೆರಿಕಕ್ಕೆ ಹೋದಳು. ಫುಕ್ಸ್ ಕೂಡ 1937ರಲ್ಲೇ ಜರ್ಮನಿ ಬಿಟ್ಟರು. ಮೊದಲು ಸ್ವಿಟ್ಜರ್‌ಲೆಂಡ್, ಆಮೇಲೆ ಫ್ರಾನ್ಸ್. ಅಲ್ಲಿಗೂ ಯುದ್ಧ ಬಂದು, 1940ರಲ್ಲಿ ಕೆನಡಾ. ಐವತ್ತು ದಾಟಿದ ಮೇಲೆ ಹೊಸ ದೇಶ, ಹೊಸ ಭಾಷೆ, ಹೊಸ ಚಳಿ.

— ಹಿರ್ಶ್ ಯಾಕೆ ಹೋಗಲಿಲ್ಲ?

— ಇದನ್ನು ತುಂಬ ಯೋಚಿಸಿದ್ದೇನೆ ಸರ್. ಓಡಿಹೋದವರು ಬುದ್ಧಿವಂತರು, ಉಳಿದವರು ನಂಬಿ ಕೆಟ್ಟರು ಅಂತ ಜನ ಸುಲಭವಾಗಿ ಹೇಳುತ್ತಾರೆ. ಆ ಮಾತು ನನಗೆ ಒಪ್ಪಿಗೆಯಿಲ್ಲ. ದೇಶ ಬಿಡುವುದಕ್ಕೆ ಹಣ ಬೇಕು, ಹೊರಗೆ ಗುರುತಿನವರು ಬೇಕು, ಒಳಗೆ ಸೇರಿಸಿಕೊಳ್ಳುವ ದೇಶ ಬೇಕು. ಹಿರ್ಶ್‌ಗೆ ವ್ಯಾಪಾರ ಮುಳುಗಿಹೋಗಿತ್ತು. ಕೆಲಸ ಹುಡುಕಿಕೊಂಡು ಫ್ರಾನ್ಸಿಗೂ ಸ್ವಿಟ್ಜರ್‌ಲೆಂಡಿಗೂ ಅಲೆದರು. ಸ್ವಲ್ಪ ಕಾಲ ಕಾರ್ಲ್ಸ್‌ರೂಹೆಯ ಯೆಹೂದಿ ಕ್ಲಬ್ಬಿಗೆ ತರಬೇತಿ ಕೊಟ್ಟರು. 1938ರಲ್ಲಿ ಬದುಕು ಬೇಡವೆನಿಸಿ ಪ್ರಾಣ ಕಳೆದುಕೊಳ್ಳಲು ನೋಡಿ, ಆಸ್ಪತ್ರೆ ಸೇರಿದರು. ಹೆಂಡತಿಯ ಹೆಸರು ಎಲಾ, ಆಕೆ ಕ್ರಿಶ್ಚಿಯನ್. ಮಕ್ಕಳಾದರೂ ಉಳಿಯಲಿ ಅಂತ 1942ರಲ್ಲಿ ಇಬ್ಬರೂ ವಿಚ್ಛೇದನ ತೆಗೆದುಕೊಂಡರು. ಯೆಹೂದಿಯಲ್ಲದ ಹೆಂಡತಿ ಇದ್ದಷ್ಟು ಕಾಲ ಗಂಡನಿಗೆ ಸ್ವಲ್ಪ ಆಸರೆ ಇತ್ತು, ಅದೂ ಹೋಯಿತು. 1943ರ ಮಾರ್ಚ್ 1ರಂದು ಕಾರ್ಲ್ಸ್‌ರೂಹೆಯಿಂದ ರೈಲು ಹತ್ತಿಸಿದರು. ದಾರಿಯಲ್ಲಿ ಡಾರ್ಟ್‌ಮಂಡಿನಿಂದ ಮಗಳ ಹುಟ್ಟುಹಬ್ಬಕ್ಕೆ ಒಂದು ಕಾರ್ಡು ಹಾಕಿದ್ದಾರೆ. ಆಮೇಲೆ ಆಶ್‌ವಿಟ್ಸ್. ಯಾವ ದಿನ ಕೊಂದರೋ ದಾಖಲೆಯಿಲ್ಲ. 1945ರ ಫೆಬ್ರವರಿಯಲ್ಲಿ ಮಕ್ಕಳಿಬ್ಬರನ್ನೂ ತೆರೇಸಿಯನ್‌ಸ್ಟಾಟ್ ಶಿಬಿರಕ್ಕೆ ಒಯ್ದರು. ಅವರು ಬದುಕಿ ಬಂದರು.

— ತಂದೆ ಆ ಮಕ್ಕಳಿಗಾಗಿ ತನ್ನ ಆಸರೆಯನ್ನೇ ಬಿಟ್ಟುಕೊಟ್ಟ.

— ಹೌದು ಸರ್.

— ಸ್ವಲ್ಪ ನೀರು ಕುಡಿ. ಫುಕ್ಸ್ ಮನೆಯವರೆಲ್ಲ ಕೆನಡಾಕ್ಕೇ ಹೋದರಾ?

— ಇಲ್ಲ, ಚದುರಿಹೋದರು. ಅಣ್ಣ ರಿಚರ್ಡ್ ಫುಕ್ಸ್ ಕಟ್ಟಡ ವಿನ್ಯಾಸಕಾರ, ಸಂಗೀತ ರಚನೆಕಾರ ಕೂಡ. 1938ರ ನವೆಂಬರಿನಲ್ಲಿ ಸಿನಗಾಗ್‌ಗಳಿಗೆ ಬೆಂಕಿ ಹಚ್ಚಿದ ದಿನಗಳಲ್ಲಿ ಅವರನ್ನು ಹಿಡಿದು ಡಾಖಾವ್ ಶಿಬಿರಕ್ಕೆ ಹಾಕಿದರು. ಹೊರಬಂದು 1939ರಲ್ಲಿ ನ್ಯೂಜಿಲೆಂಡ್ ಸೇರಿಕೊಂಡರು. ಜರ್ಮನಿಯಲ್ಲಿ ಯೆಹೂದಿಯಾದ್ದರಿಂದ ಜರ್ಮನ್ ಅಲ್ಲ. ನ್ಯೂಜಿಲೆಂಡಿನಲ್ಲಿ ಯುದ್ಧ ಶುರುವಾದ ಮೇಲೆ ಜರ್ಮನ್ ಆದ್ದರಿಂದ ಶತ್ರುದೇಶದವನು. ಬದುಕಿ ಉಳಿದವರ ಪಾಡೂ ಹೀಗಿತ್ತು.

— ನಮ್ಮ ಕಡೆಗೆ ಯಾರೂ ಬರಲಿಲ್ಲವಾ?

— ಬಂದರು ಸರ್, ಬೆಂಗಳೂರಿಗೆ. ಗಾಟಿಂಗನ್ ವಿಶ್ವವಿದ್ಯಾಲಯದಲ್ಲಿ ಕೆಲಸ ಕಳೆದುಕೊಂಡ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ 1935ರಲ್ಲಿ ಸಿ.ವಿ. ರಾಮನ್ ಕರೆದದ್ದಕ್ಕೆ ಟಾಟಾ ಇನ್‌ಸ್ಟಿಟ್ಯೂಟಿಗೆ ಬಂದಿದ್ದರು. ಅವರಿಗೆ ಕಾಯಂ ಕೆಲಸ ಕೊಡಬೇಕು ಅಂತ ರಾಮನ್ ಬಹಳ ಪ್ರಯತ್ನಪಟ್ಟರು. ಸಭೆಯಲ್ಲಿ ಒಬ್ಬ ಇಂಗ್ಲಿಷ್ ಪ್ರೊಫೆಸರ್ ಎದ್ದು ನಿಂತು, ತನ್ನ ದೇಶದಿಂದಲೇ ಹೊರಹಾಕಿಸಿಕೊಂಡ ಎರಡನೇ ದರ್ಜೆಯ ಪರದೇಶಿ ನಮಗೆ ಸಾಲದು ಅನ್ನುವ ಅರ್ಥದ ಮಾತಾಡಿದ. ಬಾರ್ನ್ ಅಲ್ಲೇ ಕೂತಿದ್ದರು. ಮನೆಗೆ ಹೋಗಿ ಹೆಂಡತಿಯ ಎದುರು ಅತ್ತರಂತೆ, ಅವರೇ ಬರೆದುಕೊಂಡಿದ್ದಾರೆ. 1936ರಲ್ಲಿ ಎಡಿನ್‌ಬರೋಗೆ ಹೋದರು. 1954ರಲ್ಲಿ ಅವರಿಗೆ ನೊಬೆಲ್ ಬಂತು.

— ಬೆಂಗಳೂರಿನಲ್ಲೇ ಈ ಮಾತು ಕೇಳಿಸಿಕೊಂಡರು ಅಂದರೆ ನನಗೆ ನಾಚಿಕೆಯಾಗುತ್ತದೆ. ಹೇಳಿದವನು ನಮ್ಮವನಲ್ಲದಿರಬಹುದು. ನೆಲ ನಮ್ಮದು.

— ಅದೇ ನೆಲ ಇನ್ನೊಬ್ಬರಿಗೆ ಆಸರೆಯೂ ಆಯಿತು. ಬಾರ್ನ್ ಅವರ ತಂಗಿಯ ಮಗ ಓಟೊ ಕೋನಿಗ್ಸ್‌ಬರ್ಗರ್, ಬರ್ಲಿನ್ನಿನ ವಾಸ್ತುಶಿಲ್ಪಿ. ಯೆಹೂದಿ ಅಂತ ಅಲ್ಲಿ ಕೆಲಸ ಹೋಯಿತು. 1939ರಲ್ಲಿ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ಬಂದರು. ಅವರು ಕಟ್ಟಿದ ಕಟ್ಟಡಗಳು ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಈಗಲೂ ಇವೆ. ಸ್ವಾತಂತ್ರ್ಯದ ಮೇಲೆ, ಪಾಕಿಸ್ತಾನದಿಂದ ಬಂದ ನಿರಾಶ್ರಿತರಿಗೆ ಊರು ಕಟ್ಟುವ ಕೆಲಸ ದೆಹಲಿಯಲ್ಲಿ ಅವರ ಕೈಗೆ ಬಂತು. ಮನೆ ಕಳೆದುಕೊಂಡವರಿಗೆ ಏನು ಬೇಕು ಅನ್ನುವುದು ಅವರಿಗೆ ಗೊತ್ತಿತ್ತು.

— ಇದನ್ನು ಲೇಖನದಲ್ಲಿ ಬಿಡಬೇಡ. ಆದರೆ ಓದುವವರು ಒಂದು ಪ್ರಶ್ನೆ ಎತ್ತುತ್ತಾರೆ. ನಮ್ಮ ಕೊಡಗಿನ ರಾಜ ಚಿಕ್ಕವೀರರಾಜೇಂದ್ರನೂ ದೇಶ ಬಿಟ್ಟವನೇ ತಾನೆ? 1834ರಲ್ಲಿ ಮಡಿಕೇರಿಯಿಂದ ಕಾಶಿಗೆ, ಕಾಶಿಯಿಂದ ಲಂಡನ್ನಿಗೆ. ಅಲ್ಲೇ 1859ರಲ್ಲಿ ಸತ್ತ. ಮಗಳು ಗೌರಮ್ಮನಿಗೂ ಇಪ್ಪತ್ತೆರಡಕ್ಕೇ ಅಲ್ಲೇ ಮಣ್ಣು. ಪರದೇಶದ ಸಾವು ಎಲ್ಲರಿಗೂ ಒಂದೇ ಅಂದುಬಿಟ್ಟರೆ?

— ಗೌರಮ್ಮನ ವಿಷಯದಲ್ಲಿ ನನಗೂ ಮರುಕವಿದೆ. ಆದರೆ ರಾಜನನ್ನು ಗೆದ್ದವರು ಹೊರಗೆ ಹಾಕಿದರು. ಫುಕ್ಸ್‌ನನ್ನು ಹೊರಗೆ ಹಾಕಿದವರು ಜೊತೆಗೆ ಆಡಿದವರು. ಸಿಂಹಾಸನ ಹೋದವನ ಕತೆಯ ಪಕ್ಕ ಇದನ್ನಿಟ್ಟರೆ ಆ ವ್ಯತ್ಯಾಸ ಮರೆಯಾಗುತ್ತದೆ ಸರ್.

— ಸರಿ, ಒಪ್ಪಿದೆ. ಕೆನಡಾದಲ್ಲಿ ಏನು ಮಾಡಿಕೊಂಡಿದ್ದರು?

— ಹೆಸರು ಬದಲಿಸಿಕೊಂಡರು. ಗಾಟ್‌ಫ್ರೀಡ್ ಫುಕ್ಸ್ ಇದ್ದದ್ದು ಗಾಡ್‌ಫ್ರಿ ಫೋಕ್ಸ್ ಆಯಿತು. ಮಾಂಟ್ರಿಯಲ್‌ನಲ್ಲಿ ಮನೆ ಮಾಡಿ, ಮತ್ತೆ ಜರ್ಮನಿಯಲ್ಲಿ ನೆಲೆಸಲಿಲ್ಲ.

— ಮನೆತನದ ಹೆಸರನ್ನು ಬಿಡುವುದು ಎಷ್ಟು ಕಷ್ಟ ಅಂತ ಈ ನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಶುರುಮಾಡಿದಾಗ ಬಂದದ್ದು ಅರವತ್ತು ತಂಡ, ಈಗ ಮುನ್ನೂರು ದಾಟಿದೆ. ಪ್ರತಿ ತಂಡಕ್ಕೂ ಒಕ್ಕದ, ಅಂದರೆ ಮನೆತನದ, ಹೆಸರು. ಹೊರದೇಶದಲ್ಲಿ ಕೆಲಸದಲ್ಲಿರುವ ಹುಡುಗ ರಜೆ ಹಾಕಿ ಬಂದು ಅಜ್ಜನ ಹೆಸರಿನ ತಂಡದಲ್ಲಿ ಆಡುತ್ತಾನೆ. ಸೊಸೆಯಂದಿರು ಆಡುತ್ತಾರೆ, ಅರವತ್ತು ದಾಟಿದವರು ಆಡುತ್ತಾರೆ. ಆ ಹೆಸರಿನಿಂದಲೇ ಗೋಲು ಹೊಡೆದವನು ಅದನ್ನೇ ತಿದ್ದಿಕೊಳ್ಳಬೇಕಾಯಿತು ಅಂದರೆ... ಯಾರಾದರೂ ಹುಡುಕಿಕೊಂಡು ಹೋದರಾ ಅವರನ್ನು?

— ಒಬ್ಬರು ಪತ್ರ ಬರೆದರು. ಸೆಪ್ ಹರ್ಬರ್ಗರ್. 1954ರಲ್ಲಿ ಜರ್ಮನಿಗೆ ವಿಶ್ವಕಪ್ ಗೆದ್ದುಕೊಟ್ಟ ಕೋಚ್. ಅವರು ಮ್ಯಾನ್‌ಹೈಮ್ ಕಡೆಯವರು, ಹುಡುಗರಾಗಿದ್ದಾಗ ಫುಕ್ಸ್ ಅವರ ಆರಾಧ್ಯ ಆಟಗಾರ. ವಿಶ್ವಕಪ್ ಗೆದ್ದ ಮೇಲೆ ಇಬ್ಬರಿಗೂ ಪತ್ರವ್ಯವಹಾರ ಶುರುವಾಯಿತು. 1972ರ ಮೇ 26ಕ್ಕೆ ಮ್ಯೂನಿಕ್ ಒಲಿಂಪಿಕ್ ಕ್ರೀಡಾಂಗಣದ ಉದ್ಘಾಟನೆಗೆ ಜರ್ಮನಿ–ಸೋವಿಯತ್ ಪಂದ್ಯ ನಿಗದಿಯಾಗಿತ್ತು. 1912ರ ಪಂದ್ಯದ ವೀರನನ್ನು ಕೆನಡಾದಿಂದ ಗೌರವ ಅತಿಥಿಯಾಗಿ ಕರೆಸೋಣ, ಆಗ ಆದ ಅನ್ಯಾಯಕ್ಕೆ ಅದೊಂದು ಸಣ್ಣ ಪರಿಹಾರವಾದೀತು ಅಂತ ಹರ್ಬರ್ಗರ್ ಜರ್ಮನ್ ಫುಟ್‌ಬಾಲ್ ಸಂಸ್ಥೆಗೆ ಕೇಳಿಕೊಂಡರು.

— ಕರೆಸಿದರಾ?

— ಇಲ್ಲ. ಒಬ್ಬರನ್ನು ಕರೆದರೆ ಅದೇ ಪರಿಪಾಠವಾಗುತ್ತದೆ, ಖರ್ಚಿನ ಹೊರೆ ಬೀಳುತ್ತದೆ ಅಂತ ಉತ್ತರ ಬಂತು. ಆ ಉತ್ತರ ಬರುವಷ್ಟರಲ್ಲಿ ಫುಕ್ಸ್ ಇರಲಿಲ್ಲ, ಫೆಬ್ರವರಿ 25ರಂದು ಮಾಂಟ್ರಿಯಲ್‌ನಲ್ಲಿ ತೀರಿಕೊಂಡಿದ್ದರು. ಪಂದ್ಯ ನಡೆಯಿತು. ಜರ್ಮನಿ 4–1, ನಾಲ್ಕೂ ಗೋಲು ಗೆರ್ಡ್ ಮುಲ್ಲರ್‌ನದು.

— ಹತ್ತು ಗೋಲು ಹೊಡೆದವನಿಗೆ ಒಂದು ವಿಮಾನದ ಟಿಕೆಟ್ಟು ಹೆಚ್ಚಾಯಿತಾ! ಮಾರಾಯ್ತಿ, ಖರ್ಚು ಅನ್ನುವುದು ಕಾರಣವೇ ಅಲ್ಲ. ಅವರು ಬಂದು ಕೂತಿದ್ದರೆ ಮೈದಾನದಲ್ಲಿದ್ದವರೆಲ್ಲ ಕೇಳುತ್ತಿದ್ದರು, ಇವರು ಇಷ್ಟು ವರ್ಷ ಎಲ್ಲಿದ್ದರು, ಯಾಕೆ ಹೋದರು, ಕಳಿಸಿದವರು ಯಾರು ಅಂತ. ಆ ಪ್ರಶ್ನೆಗೇ ಹೆದರಿದ್ದಾರೆ.

— ನನಗೂ ಹಾಗೆಯೇ ಅನಿಸಿದ್ದು. ಇನ್ನೊಂದು ಮಾತನ್ನೂ ಮುಚ್ಚಿಡಬಾರದು ಸರ್. ಈ ಹರ್ಬರ್ಗರ್ ಕೂಡ 1933ರಲ್ಲಿ ನಾಝಿ ಪಕ್ಷಕ್ಕೆ ಸೇರಿದ್ದವರು, 1936ರಿಂದ ಆ ಸರ್ಕಾರದಡಿಯಲ್ಲೇ ರಾಷ್ಟ್ರೀಯ ಕೋಚ್ ಆದವರು.

— ಹಾಗಾದರೆ ಅವರನ್ನು ಒಳ್ಳೆಯವರ ಸಾಲಿಗೆ ಸೇರಿಸಿ ಬರೆಯುತ್ತೀಯಾ?

— ಸೇರಿಸುವುದಿಲ್ಲ, ಬಿಡುವುದೂ ಇಲ್ಲ. ಪಕ್ಷ ಸೇರಿದ್ದನ್ನೂ ಬರೆಯುತ್ತೇನೆ, ಪತ್ರ ಬರೆದದ್ದನ್ನೂ ಬರೆಯುತ್ತೇನೆ. ಅಷ್ಟು ದೊಡ್ಡ ಸಂಸ್ಥೆಯಲ್ಲಿ ಫುಕ್ಸ್‌ನನ್ನು ಕರೆಸಿ ಅಂತ ಬಾಯಿಬಿಟ್ಟು ಕೇಳಿದವರು ಅವರು.

— ಈಗಲಾದರೂ ಜರ್ಮನಿಯವರಿಗೆ ಈ ಇಬ್ಬರ ನೆನಪಿದೆಯಾ?

— ಇದೆ. 2005ರಿಂದ ಅಲ್ಲಿಯ ಫುಟ್‌ಬಾಲ್ ಸಂಸ್ಥೆಯೇ ಯೂಲಿಯುಸ್ ಹಿರ್ಶ್ ಹೆಸರಿನಲ್ಲಿ ಪ್ರಶಸ್ತಿ ಕೊಡುತ್ತಿದೆ, ಮೈದಾನದಲ್ಲಿ ದ್ವೇಷಕ್ಕೆ ಎದುರು ನಿಂತವರಿಗೆ. ಕಾರ್ಲ್ಸ್‌ರೂಹೆಯಲ್ಲಿ ಒಂದು ಚೌಕಕ್ಕೆ ಗಾಟ್‌ಫ್ರೀಡ್ ಫುಕ್ಸ್ ಹೆಸರಿಟ್ಟಿದ್ದಾರೆ.

— ಒಳ್ಳೆಯದೇ ಆಯಿತು. ಆದರೂ 1972ರಲ್ಲಿ ಅವರು ಬದುಕಿದ್ದಾಗಲೇ ಕರೆಯಬೇಕಿತ್ತು. ಪ್ರಶಸ್ತಿ ಹೇಳಿ ಆ ಕಾಗದದ ವಿಷಯವನ್ನು ಹಗುರ ಮಾಡಬೇಡ. ಲೇಖನ ಹಾಕೋಣ. ಆದರೆ ಹೆಸರು ಫುಕ್ಸ್ ಅಂತಲೇ ಬರೆ, ಆ ಬದಲಿಸಿದ ಹೆಸರು ಬೇಡ.

— ಅದನ್ನೂ ಬರೆಯಬೇಕು ಸರ್. ಕೊನೆಯ ಮೂವತ್ತು ವರ್ಷ ಬದುಕಿದ್ದು ಆ ಹೆಸರಿನಲ್ಲಿ. ಅದನ್ನು ಬಿಟ್ಟರೆ ಮಾಂಟ್ರಿಯಲ್‌ನ ಆ ಮನುಷ್ಯನನ್ನು ನಾವೂ ಪಟ್ಟಿಯಿಂದ ತೆಗೆದ ಹಾಗಾಗುತ್ತದೆ.

— ಹಾಗಿದ್ದರೆ ಎರಡೂ ಬರೆ. ಕೆಳಗೆ ಗೋಲು ಹೊಡೆದವರ ಪಟ್ಟಿಯನ್ನೂ ಪೂರ್ತಿ ಹಾಕು. ಹಿರ್ಶ್‌ಗೆ ಬೇರೆಯೇ ಒಂದು ಪುಟ ಕೊಡು, ಜಾಗ ನಾನು ಮಾಡಿಸುತ್ತೇನೆ.